140/90 ಬಂದ ಮೇಲೆ

ಬಸುರಿಯ ಬಿಪಿ ಒಂದು ಸಲ 140/90 ಬಂದರೆ ಕಾಯಿಲೆ ಅಂತ ತೀರ್ಮಾನಿಸುವ ಹಾಗಿಲ್ಲ, ಹೋಗಲಿ ಅಂತ ಬಿಡುವ ಹಾಗೂ ಇಲ್ಲ. ಗರ್ಭಿಣಿಯರ ಓಪಿಡಿಯಲ್ಲಿ ನಮ್ಮ ಅರ್ಧ ಹೊತ್ತು ಇದನ್ನು ಬಿಡಿಸಿ ಹೇಳುವುದರಲ್ಲೇ ಕಳೆಯುತ್ತದೆ. ಪೀಣ್ಯದಿಂದಲೋ ಕೆಂಗೇರಿಯಿಂದಲೋ ಬಸ್ಸಿನಲ್ಲಿ ನಿಂತು ಬಂದು, ಚೀಟಿಗೊಂದು ಕ್ಯೂ, ತೂಕಕ್ಕೊಂದು ಕ್ಯೂ ಮುಗಿಸಿ, ಹೆಸರು ಕೂಗಿದ ಕೂಡಲೇ ಎದ್ದು ಬಂದು ಸ್ಟೂಲಿನ ಮೇಲೆ ಕೂತವಳ ತೋಳಿಗೆ ಪಟ್ಟಿ ಸುತ್ತಿದರೆ ಅಂಕಿ ಹೆಚ್ಚು ಬರುವುದು ಮಾಮೂಲು. ಹಾಗಂತ ‘ಓಡಿ ಬಂದಿದ್ದಕ್ಕೆ ಹೆಚ್ಚಾಗಿದೆ’ ಎಂದು ಕಾರ್ಡಿನಲ್ಲಿ ಏನೂ ಬರೆಯದೆ ಮನೆಗೆ ಕಳಿಸುವುದು ಅದಕ್ಕಿಂತ ಕೆಟ್ಟದ್ದು. ಬಂದ ಅಂಕಿಯನ್ನು ಬಂದ ಹಾಗೆ ಬರೆಯಬೇಕು. ಕೂರಿಸಿ ಮತ್ತೆ ನೋಡಬೇಕು, ಅದನ್ನೂ ಬರೆಯಬೇಕು.

ನಾಲ್ಕು ಗಂಟೆ ಅಂತರದಲ್ಲಿ ಎರಡು ಸಲ 140/90 ಅಥವಾ ಅದಕ್ಕಿಂತ ಮೇಲೆ ಬಂದರೆ ಬಿಪಿ ಇದೆ ಎಂದೇ ಲೆಕ್ಕ. ಮೇಲಿನದು, ಕೆಳಗಿನದು ಎರಡೂ ಏರಬೇಕೆಂದಿಲ್ಲ; 130/94 ಕೂಡ ಬಿಪಿಯೇ. 160/110 ಬಂದರೆ ನಾಲ್ಕು ಗಂಟೆ ಕಾಯುವ ಮಾತಿಲ್ಲ. ಹದಿನೈದು ನಿಮಿಷದೊಳಗೆ ಮತ್ತೊಮ್ಮೆ ನೋಡಿ, ಇಳಿಯದಿದ್ದರೆ ಅರ್ಧ ಗಂಟೆ, ತಪ್ಪಿದರೆ ಒಂದು ಗಂಟೆಯೊಳಗೆ ಔಷಧಿ ಶುರುವಾಗಬೇಕು. ಮಿದುಳಿನಲ್ಲಿ ರಕ್ತಸ್ರಾವ ಆಗುವ ಅಪಾಯ ಇರುವುದು ಈ ಮಟ್ಟದಲ್ಲಿ.

ಅಳೆಯುವ ಕ್ರಮ ಸುಲಭ, ಪೂರ್ತಿ ಪಾಲಿಸುವವರು ಕಮ್ಮಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ ಐದು ನಿಮಿಷ ಮಾತಾಡದೆ ಕೂರಬೇಕು. ಪಾದ ನೆಲಕ್ಕೆ ಊರಿರಬೇಕು, ಕಾಲ ಮೇಲೆ ಕಾಲು ಬೇಡ. ಕಾಫಿ ಕುಡಿದಿದ್ದರೆ ಅರ್ಧ ಗಂಟೆ ಬಿಡಬೇಕು. ತೋಳಿಗೆ ಮೇಜಿನ ಆಸರೆ ಇರಬೇಕು, ಪಟ್ಟಿ ಎದೆಯ ಮಟ್ಟಕ್ಕೆ ಬರಬೇಕು. ಎಡವಟ್ಟು ಶುರುವಾಗುವುದು ರವಿಕೆಯ ತೋಳಿನಿಂದ. ಮೊಣಕೈವರೆಗೆ ಬಿಗಿಯಾಗಿರುವ ತೋಳನ್ನು ಮೇಲಕ್ಕೆ ಮಡಚುತ್ತಾ ಹೋದರೆ ಅದೇ ಒಂದು ಕಟ್ಟು ಆಗಿ ತೋಳನ್ನು ಹಿಂಡುತ್ತದೆ. ಬಟ್ಟೆಯ ಮೇಲೇ ಪಟ್ಟಿ ಸುತ್ತಿದರೆ ಅಂಕಿ ಇನ್ನೊಂದು ರೀತಿ ಕೆಡುತ್ತದೆ. ಸಡಿಲ ತೋಳಿನ ಕುರ್ತಾ, ನೈಟಿ ಹಾಕಿಕೊಂಡು ಬಂದರೆ ಈ ರಗಳೆಯೇ ಇರುವುದಿಲ್ಲ. ಇನ್ನು ಪಟ್ಟಿಯ ಅಳತೆ. ಮೆಷಿನ್ ಜೊತೆ ಸಾಮಾನ್ಯವಾಗಿ ಬರುವ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ದರ್ಜಿಯ ಟೇಪಿನಲ್ಲಿ ತೋಳಿನ ನಡುಭಾಗ ಅಳೆದು ನೋಡಿ, 32 ದಾಟಿದರೆ ದೊಡ್ಡ ಪಟ್ಟಿಯೇ ಬೇಕು. ಚಿಕ್ಕದು ಸುತ್ತಿದರೆ ಇಲ್ಲದ ಬಿಪಿ ಕಾಣುತ್ತದೆ.

ವಾರ್ಡಿನಲ್ಲಿ ಇದರ ಉಲ್ಟಾ ಆಗುತ್ತದೆ. ಎಡಗಡೆ ಮಗ್ಗುಲಾಗಿ ಮಲಗಿರುವವಳನ್ನು ಎಬ್ಬಿಸಲು ಮನಸ್ಸಾಗದೆ, ಮೇಲಿರುವ ಬಲಗೈಗೆ ಪಟ್ಟಿ ಸುತ್ತಿ ನೋಡುತ್ತಾರೆ. ಕೈ ಹೃದಯಕ್ಕಿಂತ ಮೇಲಿರುವುದರಿಂದ ಅಂಕಿ ಕಮ್ಮಿ ಬರುತ್ತದೆ, ‘ಮಾತ್ರೆ ಕೆಲಸ ಮಾಡ್ತಿದೆ’ ಎಂದು ಎಲ್ಲರೂ ಸಮಾಧಾನಪಡುತ್ತಾರೆ. ಎಬ್ಬಿಸಿ ಕೂರಿಸಿ ನೋಡಿದರೆ 150 ದಾಟಿರುತ್ತದೆ.

ಮನೆಗೆ ಮೆಷಿನ್ ತರುವುದು ಒಳ್ಳೆಯದೇ. ಆದರೆ ಪ್ರಿಎಕ್ಲಾಂಪ್ಸಿಯಾ (ಬಿಪಿ ಏರಿ ಕಿಡ್ನಿ, ಲಿವರ್ ಮುಂತಾದವಕ್ಕೂ ಪೆಟ್ಟು ಬೀಳುವ ಬಸುರಿನ ಕಾಯಿಲೆ) ಇರುವವರಲ್ಲಿ ಕೆಲವು ಎಲೆಕ್ಟ್ರಾನಿಕ್ ಮೆಷಿನ್‌ಗಳು ಇರುವುದಕ್ಕಿಂತ ಕಮ್ಮಿ ತೋರಿಸುತ್ತವೆ. ಕೊಂಡ ಮೆಷಿನ್ನನ್ನು ಒಂದು ಸಲ ಆಸ್ಪತ್ರೆಗೆ ತನ್ನಿ; ಅಲ್ಲಿಯದರ ಜೊತೆ ಒಂದರ ಹಿಂದೊಂದು ನೋಡಿ ಹೋಲಿಸೋಣ. ಮಣಿಕಟ್ಟಿಗೆ ಕಟ್ಟುವ ಮೆಷಿನ್, ಬಿಪಿ ತೋರಿಸುತ್ತೇನೆ ಎನ್ನುವ ಕೈಗಡಿಯಾರ ಈ ಕೆಲಸಕ್ಕೆ ಬೇಡ. ಮನೆಯ ಶಾಂತಿಯಲ್ಲಿ ನೋಡಿದ ಬಿಪಿಗೆ ಗಡಿ 135/85.

ಮೊದಲ ಭೇಟಿ ಮೂರು ತಿಂಗಳೊಳಗೆ ಆಗಲಿ ಎಂದು ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗಿ ಹೇಳುವುದರಲ್ಲಿ ಬಿಪಿಯ ಕಾರಣವೂ ಇದೆ. ಬಸುರಿನ ಮಧ್ಯಭಾಗದಲ್ಲಿ ಎಲ್ಲರ ಬಿಪಿಯೂ ಒಂದಿಷ್ಟು ಇಳಿಯುತ್ತದೆ. ಮೊದಲಿನಿಂದ ಬಿಪಿ ಇದ್ದವಳು ಐದನೇ ತಿಂಗಳಲ್ಲಿ ಮೊದಲ ಸಲ ಬಂದರೆ 120/80 ತೋರಿಸಿ ‘ನಾರ್ಮಲ್’ ಪಟ್ಟ ಗಿಟ್ಟಿಸಿಕೊಳ್ಳುತ್ತಾಳೆ. ಎಂಟನೇ ತಿಂಗಳಲ್ಲಿ ಏರಿದಾಗ ಇದು ಹಳೆಯದೋ ಹೊಸದೋ ಗೊತ್ತಾಗುವುದಿಲ್ಲ. 20 ವಾರಕ್ಕೆ ಮೊದಲೇ ಇದ್ದರೆ ಹಳೆಯ ಬಿಪಿ. ಆಮೇಲೆ ಶುರುವಾದರೆ ಬಸುರಿನ ಬಿಪಿ. ಅದರ ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಇಲ್ಲವೇ ಲಿವರ್, ಕಿಡ್ನಿ, ಪ್ಲೇಟ್‌ಲೆಟ್‌ಗಳಲ್ಲಿ ಏರುಪೇರಾಗಿದ್ದರೆ ಪ್ರಿಎಕ್ಲಾಂಪ್ಸಿಯಾ. ಪ್ರೋಟೀನ್ ಇಲ್ಲದೆಯೂ ಪ್ರಿಎಕ್ಲಾಂಪ್ಸಿಯಾ ಆಗಬಹುದು ಎಂಬುದನ್ನು ಈಗಲೂ ಹಲವರು ಮರೆಯುತ್ತಾರೆ.

ಹಳೆಯ ಬಿಪಿಗೆ ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುವವರು ಈ ಊರಿನಲ್ಲಿ ಬೇಕಾದಷ್ಟು ಇದ್ದಾರೆ, ಮೂವತ್ತು ದಾಟಿದ ಬಸುರಿಯರೂ ಸೇರಿ. ಅದು, ಎನಾಲಾಪ್ರಿಲ್, ರಾಮಿಪ್ರಿಲ್ ಬಸುರಿನಲ್ಲಿ ಕೂಡದು; ಮಗುವಿನ ಕಿಡ್ನಿಗೆ ಪೆಟ್ಟು. ಮಗು ಬೇಕೆಂದು ಯೋಚಿಸುವಾಗಲೇ ಬದಲಾಯಿಸಿಕೊಳ್ಳಬೇಕು, ಆಗದಿದ್ದರೆ ಮುಟ್ಟು ತಪ್ಪಿದ ಕೂಡಲೇ. ಗಾಬರಿಯಲ್ಲಿ ಮಾತ್ರೆಯನ್ನೇ ನಿಲ್ಲಿಸಿ ಸುಮ್ಮನಿದ್ದುಬಿಟ್ಟರೆ ಇನ್ನೊಂದು ಕಡೆಯಿಂದ ತೊಂದರೆ.

ಹಿಂದಿನ ಬಸುರಿನಲ್ಲಿ ಪ್ರಿಎಕ್ಲಾಂಪ್ಸಿಯಾ ಆದವರು, ಅವಳಿ ಇರುವವರು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಹಳೆಯ ಬಿಪಿ ಇರುವವರಿಗೆ ಆಸ್ಪಿರಿನ್ ಕೊಡುತ್ತಾರೆ. 75 ಅಥವಾ 150 ಮಿ.ಗ್ರಾಂ., ರಾತ್ರಿ ಮಲಗುವಾಗ, 12ನೇ ವಾರದಿಂದ ಶುರು. 16 ವಾರದೊಳಗೆ ಶುರುವಾದರೆ ಫಲ ಹೆಚ್ಚು, 36ರ ಹೊತ್ತಿಗೆ ನಿಲ್ಲಿಸುತ್ತಾರೆ. ಎಂಟನೇ ತಿಂಗಳಲ್ಲಿ ಬಿಪಿ ಏರಿದ ಮೇಲೆ ‘ಪಕ್ಕದ ಮನೆಯವರಿಗೆ ಕೊಟ್ಟಿದ್ರು, ನಮಗೂ ಬರೆದುಕೊಡಿ’ ಎಂದು ಕೇಳಿದರೆ ಪ್ರಯೋಜನವಿಲ್ಲ. ಅದು ಬಾರದ ಹಾಗೆ ತಡೆಯುವ ಮಾತ್ರೆ, ಬಂದ ಬಿಪಿಯನ್ನು ಇಳಿಸುವುದಿಲ್ಲ. ಕ್ಯಾಲ್ಸಿಯಂ ಕೂಡ ತಡೆಯುವ ಕೆಲಸದ್ದೇ, ಊಟದಲ್ಲಿ ಕ್ಯಾಲ್ಸಿಯಂ ಕಮ್ಮಿ ಇರುವವರಲ್ಲಿ. 500 ಮಿ.ಗ್ರಾಂ. ದಿನಕ್ಕೆರಡು ಸಲ, ಊಟದ ಜೊತೆ. ಕಬ್ಬಿಣದ ಮಾತ್ರೆಯನ್ನು ಅದರ ಜೊತೆಗೇ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಎರಡಕ್ಕೂ ಎರಡು ಗಂಟೆಯಾದರೂ ಅಂತರವಿರಲಿ. ರಾಗಿ ಮುದ್ದೆ ತಿನ್ನುವವರಿಗೆ ಒಂದಿಷ್ಟು ಲಾಭ ಇದ್ದೇ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇರುತ್ತದೆ.

ಉಪ್ಪಿನ ವಿಚಾರಕ್ಕೆ ಮನೆಯಲ್ಲಿ ದೊಡ್ಡ ಜಗಳವೇ ನಡೆಯುತ್ತದೆ. ಉಪ್ಪಿಲ್ಲದ ಸಪ್ಪೆ ಊಟದಿಂದ ಬಸುರಿನ ಬಿಪಿ ಇಳಿಯುವುದಿಲ್ಲ, ಅವಳು ಊಟ ಬಿಡುತ್ತಾಳೆ ಅಷ್ಟೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಿತಿಯಲ್ಲಿಟ್ಟು ಮಾಮೂಲು ಅಡುಗೆ ಊಟ ಮಾಡಲಿ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಪದಾರ್ಥ ಜ್ಯೇಷ್ಠಮಧು. ಕೆಮ್ಮಿಗೆ ಅಂತ ದಿನಾ ಕಷಾಯಕ್ಕೆ ಹಾಕಿದರೆ ಬಿಪಿ ಏರುತ್ತದೆ. ಮೂಗು ಕಟ್ಟಿದೆ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೆಗಡಿ ಮಾತ್ರೆಗಳಲ್ಲೂ ಬಿಪಿ ಏರಿಸುವಂಥದ್ದು ಇರುತ್ತದೆ.

ಬಿಪಿ ಇದೆ ಎಂದಾದ ಮೇಲೆ ಮೊದಲು ಮೂತ್ರದ ಪರೀಕ್ಷೆ. ಬಿಳಿ ಸೆರಗು ಬೆರೆತರೆ ಮೂತ್ರದಲ್ಲಿ ಅದ್ದಿ ನೋಡುವ ಸ್ಟ್ರಿಪ್ ಸುಳ್ಳು ಹೇಳುತ್ತದೆ. ತೊಳೆದುಕೊಂಡು, ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಬೇಕು. ಸ್ಟ್ರಿಪ್‌ನಲ್ಲಿ ಒಂದು ಪ್ಲಸ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತಕ್ಕೆ ಕಳಿಸುತ್ತಾರೆ, 0.3 ಮುಟ್ಟಿದರೆ ಹೆಚ್ಚು ಎಂದರ್ಥ. ಕೆಲವು ಕಡೆ 24 ಗಂಟೆಯ ಮೂತ್ರ ಕೇಳುತ್ತಾರೆ. ಇದರಲ್ಲಿ ತಪ್ಪು ಮಾಡದವರು ಅಪರೂಪ. ಬೆಳಿಗ್ಗೆ ಆರಕ್ಕೆ ಶುರು ಅಂದುಕೊಳ್ಳಿ. ಆರರ ಮೂತ್ರವನ್ನು ಕ್ಯಾನಿಗೆ ಹಾಕಬಾರದು, ಹೊರಗೆ ಹೋಗಬೇಕು. ಆಮೇಲಿನದ್ದೆಲ್ಲಾ ಕ್ಯಾನಿಗೆ, ಮಲವಿಸರ್ಜನೆಗೆ ಹೋದಾಗಿನದ್ದೂ ಬಿಡದ ಹಾಗೆ. ಮಾರನೇ ದಿನ ಬೆಳಿಗ್ಗೆ ಆರರದ್ದನ್ನು ಹಾಕಿದರೆ ಮುಗಿಯಿತು. ಮೊದಲನೆಯದನ್ನೂ ಹಾಕಿದರೆ ಲೆಕ್ಕ ಹೆಚ್ಚುತ್ತದೆ, ನಡುವೆ ಒಂದು ತಪ್ಪಿದರೆ ಇಳಿಯುತ್ತದೆ. 300 ಮಿ.ಗ್ರಾಂ. ಅಥವಾ ಹೆಚ್ಚು ಪ್ರೋಟೀನ್ ಇದ್ದರೆ ಪಾಸಿಟಿವ್.

ರಕ್ತದಲ್ಲಿ ನೋಡುವುದು ಪ್ಲೇಟ್‌ಲೆಟ್, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಲಿವರ್ ಎನ್‌ಜೈಮ್‌ಗಳಾದ ಎಸ್‌ಜಿಒಟಿ, ಎಸ್‌ಜಿಪಿಟಿ. ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗೆ, ಕ್ರಿಯಾಟಿನಿನ್ 1.1ಕ್ಕಿಂತ ಮೇಲೆ, ಲಿವರ್ ಎನ್‌ಜೈಮ್‌ಗಳು ಮಾಮೂಲಿನ ಎರಡರಷ್ಟು: ಇವುಗಳಲ್ಲಿ ಒಂದಿದ್ದರೂ ಕಾಯಿಲೆ ತೀವ್ರ ಸ್ವರೂಪದ್ದು. ಒಂದೇ ರಿಪೋರ್ಟ್ ನೋಡಿದರೆ ಸಾಲದು, ಹಿಂದಿನ ರಿಪೋರ್ಟ್ ಪಕ್ಕದಲ್ಲಿಟ್ಟು ನೋಡಬೇಕು. ಹೋದ ವಾರ ಎರಡೂವರೆ ಲಕ್ಷ ಇದ್ದ ಪ್ಲೇಟ್‌ಲೆಟ್ ಈ ವಾರ ಒಂದೂವರೆಗೆ ಬಂದರೆ ಲ್ಯಾಬಿನವರು ‘ನಾರ್ಮಲ್’ ಎಂದೇ ಅಚ್ಚು ಹಾಕಿರುತ್ತಾರೆ. ನಮಗೆ ಅದು ನಾರ್ಮಲ್ ಅಲ್ಲ. ಜೊತೆಗೆ ಮಗುವಿನ ಬೆಳವಣಿಗೆಯ ಸ್ಕ್ಯಾನಿಂಗ್, ಹೊಕ್ಕುಳಬಳ್ಳಿಯ ರಕ್ತದ ಓಟ ನೋಡುವ ಡಾಪ್ಲರ್.

ಇನ್ನು ಮಾತ್ರೆ. ಲೆಬೆಟಲಾಲ್ 100 ಮಿ.ಗ್ರಾಂ. ದಿನಕ್ಕೆ ಎರಡು ಅಥವಾ ಮೂರು ಸಲದಿಂದ ಶುರುವಾಗಿ ಬಿಪಿ ನೋಡಿಕೊಂಡು ಏರುತ್ತದೆ. ಉಬ್ಬಸ ಇದ್ದರೆ ಮೊದಲೇ ಹೇಳಬೇಕು, ಅಂಥವರಿಗೆ ಇದು ಸಲ್ಲದು. ತಲೆಯ ಚರ್ಮ ಜುಮುಜುಮು ಅನ್ನುವುದು ಈ ಮಾತ್ರೆಯದ್ದೇ ಗುಣ, ಹೆದರಬೇಕಾಗಿಲ್ಲ. ನಿಫೆಡಿಪಿನ್ ರಿಟಾರ್ಡ್ (ನಿಧಾನವಾಗಿ ಕರಗುವ ಮಾತ್ರೆ) 10 ಅಥವಾ 20 ಮಿ.ಗ್ರಾಂ. ಬರುತ್ತದೆ, ಮುಖ ಬಿಸಿಯಾಗುತ್ತದೆ, ತಲೆ ನೋಯುತ್ತದೆ. ತೊಡಕಿರುವುದೇ ಇಲ್ಲಿ. ಬಿಪಿ ಏರಿದರೂ ತಲೆನೋವೇ. ಮಾತ್ರೆ ತಿಂದ ಅರ್ಧ, ಒಂದು ಗಂಟೆಗೆ ಬಂದು ಹೋಗುವ ನೋವಾದರೆ ಮಾತ್ರೆಯದ್ದಿರಬಹುದು. ಯಾವುದಕ್ಕೂ ಬಿಪಿ ನೋಡದೆ ತೀರ್ಮಾನಿಸಬೇಡಿ. ರಿಟಾರ್ಡ್ ಮಾತ್ರೆಯನ್ನು ಜಗಿಯಬಾರದು, ಪುಡಿ ಮಾಡಬಾರದು. ಹಿಂದೆ ಕ್ಯಾಪ್ಸೂಲ್ ಚುಚ್ಚಿ ನಾಲಿಗೆ ಅಡಿ ಹಿಂಡುವ ಅಭ್ಯಾಸವಿತ್ತು. ಬಿಪಿ ದಿಢೀರನೆ ಕುಸಿದು ಮಗುವಿಗೆ ರಕ್ತದ ಓಟ ಕಮ್ಮಿಯಾಗುತ್ತದೆ ಎಂದು ಬಿಟ್ಟಿದ್ದಾರೆ. ಮೀಥೈಲ್‌ಡೋಪಾ ಹಳೆಯ ಮಾತ್ರೆ, ಮಗುವಿಗೆ ಸುರಕ್ಷಿತ, ತಾಯಿಗೆ ಜೋಂಪು.

ಬಿಪಿಯನ್ನು 120/80ಕ್ಕೆ ತಂದು ನಿಲ್ಲಿಸಲೇಬೇಕು ಎಂಬ ಹಟ ನಮಗಿಲ್ಲ. ಮೇಲಿನದು 110ರಿಂದ 140ರೊಳಗೆ, ಕೆಳಗಿನದು 85ರ ಆಸುಪಾಸು ಸಾಕು. ಕೆಳಗಿನದು 80ಕ್ಕಿಂತ ಇಳಿಯುತ್ತಾ ಹೋದರೆ ಡಾಕ್ಟ್ರು ಡೋಸ್ ಕಮ್ಮಿ ಮಾಡುತ್ತಾರೆ. ಮಾತ್ರೆ ಬಿಪಿಯನ್ನು ಹಿಡಿದಿಡುತ್ತದೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಕಾಯಿಲೆಯ ಬೇರು ಮಾಸಿನಲ್ಲಿದೆ. ಆದ್ದರಿಂದಲೇ ಬಿಪಿ ಚೆನ್ನಾಗಿದ್ದರೂ ರಕ್ತ, ಮೂತ್ರ, ಸ್ಕ್ಯಾನ್ ತಪ್ಪಿಸುವ ಹಾಗಿಲ್ಲ.

ಮಾತ್ರೆ ತಪ್ಪುವುದಕ್ಕೆ ಕಾರಣಗಳು ಬಹಳ ಸಣ್ಣವು. ‘ರಕ್ತ ಕೊಡಬೇಕಿತ್ತಲ್ಲ ಸಿಸ್ಟರ್, ಖಾಲಿ ಹೊಟ್ಟೇಲಿ ಬನ್ನಿ ಅಂದ್ರು, ಅದಕ್ಕೆ ಬೆಳಗಿನ ಮಾತ್ರೆ ತಗೊಂಡಿಲ್ಲ.’ ಖಾಲಿ ಹೊಟ್ಟೆ ಎಂದರೆ ತಿಂಡಿ ಬೇಡ ಎಂದಷ್ಟೇ. ಬಿಪಿ ಮಾತ್ರೆಯನ್ನು ಎರಡು ಗುಟುಕು ನೀರಿನಲ್ಲಿ ನುಂಗಿಯೇ ಬರಬೇಕು. ಇಲ್ಲದಿದ್ದರೆ ಮಾತ್ರೆ ಬಿಟ್ಟ ಬಿಪಿಯನ್ನು ನೋಡಿ ಡೋಸ್ ಏರಿಸಿಬಿಡುತ್ತಾರೆ. ಗಾರ್ಮೆಂಟ್ಸಿಗೆ ಹೋಗುವವರಲ್ಲಿ ಮಧ್ಯಾಹ್ನದ ಡೋಸ್ ಮನೆಯಲ್ಲೇ ಉಳಿಯುತ್ತದೆ. ಊಟದ ಡಬ್ಬಿಯ ಚೀಲದಲ್ಲೇ ಒಂದು ಸ್ಟ್ರಿಪ್ ಇಟ್ಟುಬಿಡುವುದು ಲೇಸು.

ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ತಾರೀಖು, ಹೊತ್ತು, ಯಾವ ಕೈ, ಮೇಲಿನದು, ಕೆಳಗಿನದು, ಮಾತ್ರೆ ತಗೊಂಡ ಹೊತ್ತು. ಬೆಳಿಗ್ಗೆ ಮಾತ್ರೆಗೆ ಮೊದಲು ಒಮ್ಮೆ, ಸಂಜೆ ಒಮ್ಮೆ, ಪ್ರತಿ ಸಲ ಒಂದು ನಿಮಿಷ ಬಿಟ್ಟು ಎರಡು ಬಾರಿ. ಚೆನ್ನಾಗಿ ಬಂದದ್ದನ್ನು ಮಾತ್ರ ಬರೆಯುವುದು ಬೇಡ. ಮೊಬೈಲಿನಲ್ಲಿದೆ ಎನ್ನುವವರ ಮೊಬೈಲು ಸರಿಯಾದ ಹೊತ್ತಿಗೆ ಗಂಡನ ಹತ್ತಿರ ಇರುತ್ತದೆ.

ಏಳನೇ ತಿಂಗಳ ಸೀಮಂತ ಮುಗಿಸಿ ತವರಿಗೆ ಹೊರಡುವಾಗ ಈ ನೋಟ್‌ಬುಕ್, ತಾಯಿ ಕಾರ್ಡ್, ರಿಪೋರ್ಟುಗಳು ಸೀರೆಯ ಸೂಟ್‌ಕೇಸಿಗಿಂತ ಮೊದಲು ಬಸ್ಸು ಹತ್ತಬೇಕು. ಬಿಪಿ ಏರುವ ತಿಂಗಳೂ ಅದೇ. ಬೆಂಗಳೂರಿನಲ್ಲಿ ತೋರಿಸುತ್ತಿದ್ದವಳು ಮಾಗಡಿಗೋ ಶಿರಾಕ್ಕೋ ಹೋದ ಮೇಲೆ ಅಲ್ಲಿಯವರಿಗೆ ಏನೂ ಗೊತ್ತಿರುವುದಿಲ್ಲ. ತಿಂಗಳ 9ನೇ ತಾರೀಖು ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಡಾಕ್ಟ್ರು ಉಚಿತವಾಗಿ ನೋಡುತ್ತಾರೆ. ಅಪಾಯವಿರುವವರ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಹಚ್ಚುತ್ತಾರೆ. ಅದನ್ನು ದೃಷ್ಟಿಯಾಗುತ್ತದೆ ಎಂದು ಕಿತ್ತು ಹಾಕಬೇಡಿ.

ತಿಂಗಳಿಗೊಮ್ಮೆ ನೋಡಿದರೆ ಸಾಲದ ಕಾಯಿಲೆ ಇದು. ಕಾಲು ಊದುವುದು ಬಸುರಿಯರಿಗೆ ಸಹಜ, ಆದರೆ ಮುಖ, ಕೈಬೆರಳು ಊದಿ ಉಂಗುರ ಬಿಗಿಯಾದರೆ, ವಾರದಲ್ಲಿ ಒಂದು ಕಿಲೋಗಿಂತ ಹೆಚ್ಚು ತೂಕ ಏರಿದರೆ ಬಿಪಿ ನೋಡಿಸಬೇಕು. ಬಿಡದ ತಲೆನೋವು, ಕಣ್ಣು ಮಂಜು, ಕಣ್ಣೆದುರು ಮಿಂಚು, ಮಗುವಿನ ಓಡಾಟ ಕಮ್ಮಿಯಾಗುವುದು, ಇವಕ್ಕೆ ನಾಳೆ ಎನ್ನುವ ಹಾಗಿಲ್ಲ. ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಹೊಟ್ಟೆಯ ಮೇಲ್ಭಾಗದ ನೋವು. ಪಕ್ಕೆಲುಬಿನ ಕೆಳಗೆ, ಬಲಗಡೆ ಅಥವಾ ನಡುವೆ, ಕೆಲವರಿಗೆ ವಾಂತಿಯೂ ಸೇರಿ. ಮನೆಯವರು ಗ್ಯಾಸ್ ಎಂದು ಜೀರಿಗೆ ನೀರು ಕೊಡುತ್ತಾರೆ, ಮೆಡಿಕಲ್ ಶಾಪಿನವರು ಈನೋ ಕೊಡುತ್ತಾರೆ. ಲಿವರ್ ಊದಿ ಅದರ ಪೊರೆ ಬಿಗಿಯುವುದರಿಂದ ಬರುವ ನೋವದು. 108ಕ್ಕೆ ಫೋನ್ ಮಾಡುವ ನೋವು, ರಾತ್ರಿ ಎರಡಾಗಿದ್ದರೂ.

ಆಸ್ಪತ್ರೆಯ ಆಯ್ಕೆಯನ್ನು ಮೊದಲೇ ಮಾಡಿಕೊಂಡಿರಬೇಕು. ಮನೆ ಹತ್ತಿರದ ನರ್ಸಿಂಗ್ ಹೋಮ್ ಎಷ್ಟೇ ಚೆನ್ನಾಗಿರಲಿ, ರಕ್ತ, ತಾಯಿಗೆ ಐಸಿಯು, ಮಗುವಿಗೆ ಎನ್‌ಐಸಿಯು ಮೂರೂ ಇದೆಯೇ ಎಂದು ಕೇಳಿ. ಇಲ್ಲದ ಕಡೆಯಿಂದ ವಾಣಿವಿಲಾಸದಂಥ ದೊಡ್ಡ ಆಸ್ಪತ್ರೆಗೆ ಕೊನೇ ಗಳಿಗೆಯಲ್ಲಿ ಕಳಿಸಿದಾಗ, ಸಿಲ್ಕ್ ಬೋರ್ಡಿನಲ್ಲೋ ಹೆಬ್ಬಾಳದಲ್ಲೋ ಸಿಕ್ಕಿಕೊಂಡ ಹೊತ್ತನ್ನು ಯಾರೂ ವಾಪಸ್ ಕೊಡುವುದಿಲ್ಲ.

ತೀವ್ರ ಬಿಪಿಯಲ್ಲಿ ಬಂದವಳಿಗೆ ಎರಡು ಕೆಲಸ ಒಟ್ಟೊಟ್ಟಿಗೆ ನಡೆಯುತ್ತವೆ. ಬಿಪಿ ಇಳಿಸಲು ನಿಫೆಡಿಪಿನ್ 10 ಮಿ.ಗ್ರಾಂ. ನುಂಗಿಸಿ 20 ನಿಮಿಷಕ್ಕೆ ಮತ್ತೆ ನೋಡುವುದು, ಇಲ್ಲವೇ ಲೆಬೆಟಲಾಲ್ ನರಕ್ಕೆ 20, ಆಮೇಲೆ 40, 80 ಮಿ.ಗ್ರಾಂ., ಹತ್ತು ಹತ್ತು ನಿಮಿಷಕ್ಕೆ. ಫಿಟ್ಸ್ ಬಾರದಿರಲು ಮ್ಯಾಗ್ನೀಸಿಯಂ ಸಲ್ಫೇಟ್. ಇದು ಬಿಪಿ ಇಂಜೆಕ್ಷನ್ ಅಲ್ಲ. ಫಿಟ್ಸಿನ ಅಪಾಯವನ್ನು ಇದು ಅರ್ಧಕ್ಕರ್ಧ ಇಳಿಸುತ್ತದೆ ಎಂದು 2002ರ ಮ್ಯಾಗ್‌ಪೈ ಅಧ್ಯಯನದಲ್ಲಿ ಗೊತ್ತಾಗಿದೆ. ನಮ್ಮಲ್ಲಿ ಬರುವ ಆಂಪೂಲ್ 2 ಮಿ.ಲೀ., ಅದರಲ್ಲಿ 1 ಗ್ರಾಂ. ನಾಲ್ಕು ಆಂಪೂಲ್, ಅಂದರೆ 8 ಮಿ.ಲೀ.ಗೆ 12 ಮಿ.ಲೀ. ಸಲೈನ್ ಸೇರಿಸಿ 20 ಮಿ.ಲೀ. ಮಾಡಿ, ನರಕ್ಕೆ ಐದು ನಿಮಿಷ ಹಿಡಿದು ನಿಧಾನವಾಗಿ. ಆಮೇಲೆ ಒಂದೊಂದು ಕುಂಡೆಗೆ ಐದೈದು ಆಂಪೂಲ್, ಆಳಕ್ಕೆ. ಒಟ್ಟು 14 ಗ್ರಾಂ. ಮೈಯೆಲ್ಲಾ ಬೆಂಕಿ ಹಚ್ಚಿದ ಹಾಗಾಗುತ್ತದೆ, ಮೊದಲೇ ಹೇಳಿಟ್ಟರೆ ಅವಳು ಗಾಬರಿಯಾಗುವುದಿಲ್ಲ: ‘ನೋಡಮ್ಮಾ, ಮೈ ಬಿಸಿ ಆಗುತ್ತೆ, ಸ್ವಲ್ಪ ಹೊತ್ತು ತಡ್ಕೊ.’ ಆಮೇಲೆ ನಾಲ್ಕು ಗಂಟೆಗೊಮ್ಮೆ ಐದು ಗ್ರಾಂ, ಕುಂಡೆ ಬದಲಿಸುತ್ತಾ, ಹೆರಿಗೆಯಾಗಿ ಅಥವಾ ಕೊನೆಯ ಫಿಟ್ಸ್ ಬಂದು 24 ಗಂಟೆಯಾಗುವವರೆಗೆ, ಎರಡರಲ್ಲಿ ಯಾವುದು ತಡವೋ ಅದು.

ಪ್ರತಿ ಡೋಸಿಗೂ ಮೊದಲು ಮೂರು ತಪಾಸಣೆ. ಮಂಡಿಯ ಕೆಳಗೆ ತಟ್ಟಿದರೆ ಕಾಲು ಒದೆಯಬೇಕು. ಉಸಿರು ನಿಮಿಷಕ್ಕೆ 16ಕ್ಕಿಂತ ಕಮ್ಮಿ ಇರಬಾರದು. ಮೂತ್ರ ಗಂಟೆಗೆ 30 ಮಿ.ಲೀ. ಆದರೂ ಬರುತ್ತಿರಬೇಕು, ಏಕೆಂದರೆ ಈ ಔಷಧಿ ಮೈಯಿಂದ ಹೊರಗೆ ಹೋಗುವುದು ಕಿಡ್ನಿ ಮೂಲಕವೇ. ಮಂಡಿ ಅಲ್ಲಾಡದಿದ್ದರೆ ಮುಂದಿನ ಡೋಸ್ ಇಲ್ಲ. ಉಸಿರು ಕುಗ್ಗಿದರೆ ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿ.ಲೀ. ನಿಧಾನವಾಗಿ ನರಕ್ಕೆ, ಆ ಆಂಪೂಲ್ ಹಾಸಿಗೆಯ ಪಕ್ಕದಲ್ಲೇ ಇರಬೇಕು, ಸ್ಟೋರ್ ರೂಮಿನ ಬೀಗದೊಳಗಲ್ಲ. ನಡುವೆ ಬಂಧುಗಳು ‘ಸುಸ್ತಾಗಿದ್ದಾಳೆ, ಎರಡು ಬಾಟ್ಲಿ ಗ್ಲೂಕೋಸ್ ಹಾಕಿ’ ಎಂದು ಬೇಡುತ್ತಾರೆ. ಈ ಕಾಯಿಲೆಯಲ್ಲಿ ರಕ್ತನಾಳದಿಂದ ನೀರು ಸೋರಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದಕ್ಕೇ ಮೈಗೆ ಹೋಗುವ ದ್ರವವನ್ನು ಗಂಟೆಗೆ ಸುಮಾರು 80 ಮಿ.ಲೀ.ಗೆ ಕಟ್ಟಿ ಹಾಕುವುದು.

ಮನೆಯಲ್ಲೇ ಫಿಟ್ಸ್ ಬಂದರೆ ಎಡ ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಚಮಚ, ಬಟ್ಟೆ, ನೀರು ಏನನ್ನೂ ಹಾಕಬೇಡಿ. ಕೈಗೆ ಬೀಗದ ಕೈ ಹಿಡಿಸಿ ಕೂರುವ ಹೊತ್ತಿನಲ್ಲಿ 108 ಅರ್ಧ ದಾರಿ ಬಂದಿರುತ್ತದೆ.

ಹೆರಿಗೆ ಯಾವಾಗ? ಬಿಪಿ ಹತೋಟಿಯಲ್ಲಿದ್ದು ಪ್ರಿಎಕ್ಲಾಂಪ್ಸಿಯಾ ಸೌಮ್ಯವಾಗಿದ್ದರೆ 37 ವಾರಕ್ಕೆ. ತೀವ್ರವಾಗಿದ್ದರೆ 34 ಆದ ಮೇಲೆ ಕಾಯುವುದಿಲ್ಲ. ಅದಕ್ಕೂ ಮೊದಲು ಹೆರಿಗೆ ಮಾಡಿಸಬೇಕಾದರೆ ಮಗುವಿನ ಶ್ವಾಸಕೋಶಕ್ಕೆ ಡೆಕ್ಸಾಮೆಥಾಸೋನ್ 6 ಮಿ.ಗ್ರಾಂ., 12 ಗಂಟೆಗೊಮ್ಮೆ ನಾಲ್ಕು ಸಲ. ತಾಯಿಯ ಸ್ಥಿತಿ ಕೆಟ್ಟರೆ ವಾರದ ಲೆಕ್ಕ ನೋಡುವುದೇ ಇಲ್ಲ. ಬಿಪಿ ಇದೆ ಎಂದ ಮಾತ್ರಕ್ಕೆ ಸಿಸೇರಿಯನ್ ಆಗಬೇಕೆಂದಿಲ್ಲ. ನೋವು ಬರಿಸಿ ಮಾಮೂಲು ಹೆರಿಗೆ ಮಾಡಿಸುವುದೇ ಮೊದಲ ಪ್ರಯತ್ನ. ಹೆರಿಗೆಯಾದ ಮೇಲೆ ರಕ್ತಸ್ರಾವಕ್ಕೆ ಆಕ್ಸಿಟೋಸಿನ್ ಕೊಡುತ್ತಾರೆ, ಮೆಥರ್ಜಿನ್ ಕೊಡಬಾರದು, ಅದು ಬಿಪಿಯನ್ನು ಎತ್ತಿಬಿಡುತ್ತದೆ.

ಮಗು ಬಂತು, ಮಾಸು ಹೋಯಿತು, ಇನ್ನೇನು ಎಂದು ಎಲ್ಲರೂ ಕೈತೊಳೆದುಕೊಳ್ಳುವುದು ಆಗ. ಬಿಪಿ ಮತ್ತೆ ತಲೆ ಎತ್ತುವುದು ಹೆರಿಗೆಯ ಮೂರನೇ ದಿನದಿಂದ ಆರನೇ ದಿನದೊಳಗೆ. ಬಹಳಷ್ಟು ಜನ ಅಷ್ಟು ಹೊತ್ತಿಗೆ ಡಿಸ್ಚಾರ್ಜ್ ಆಗಿ ಬಾಣಂತಿ ಕೋಣೆಯಲ್ಲಿರುತ್ತಾರೆ. ತಲೆನೋವು ಎಂದರೆ ಶೀತವಾಗಿದೆ ಎಂದು ತಲೆಗೆ ಇನ್ನೊಂದು ಸ್ಕಾರ್ಫ್ ಕಟ್ಟುತ್ತಾರೆ, ನಿದ್ದೆಗೆಟ್ಟಿದ್ದಕ್ಕೆ ಎನ್ನುತ್ತಾರೆ. ಬಾಣಂತಿಗೂ ಫಿಟ್ಸ್ ಬರುತ್ತದೆ, ಬಸುರಿನಲ್ಲಿ ಬಿಪಿ ಇಲ್ಲದಿದ್ದವಳಿಗೂ ಬರಬಹುದು. ಬಿಪಿ ಇದ್ದವರು ಕನಿಷ್ಠ ಮೂರು ದಿನ ಆಸ್ಪತ್ರೆಯಲ್ಲಿದ್ದು, ಮನೆಗೆ ಹೋದ ಮೇಲೂ ದಿನಾ ನೋಡಿಕೊಂಡು, ಏಳರಿಂದ ಹತ್ತು ದಿನದೊಳಗೆ ಒಮ್ಮೆ ತೋರಿಸಬೇಕು. ಎಣ್ಣೆ ನೀರು ಹಾಕಿಸಿಕೊಂಡ ಕೂಡಲೇ ಬಿಪಿ ನೋಡಬೇಡಿ, ಮೈಯ ಬಿಸಿ ಆರಲಿ.

ಹಾಲುಣಿಸುವಾಗ ಬಿಪಿ ಮಾತ್ರೆ ಬೇಡ ಎಂದು ಅಜ್ಜಿಯಂದಿರು ನಿಲ್ಲಿಸಿಬಿಡುವುದು ಇನ್ನೊಂದು ತಾಪತ್ರಯ. ಲೆಬೆಟಲಾಲ್, ನಿಫೆಡಿಪಿನ್ ಹಾಲುಣಿಸುವಾಗ ತೆಗೆದುಕೊಳ್ಳಬಹುದು. ಬಸುರಿನಲ್ಲಿ ಕೂಡದು ಎಂದಿದ್ದ ಎನಾಲಾಪ್ರಿಲ್ ಕೂಡ ಈಗ ಆಗುತ್ತದೆ. ಮೀಥೈಲ್‌ಡೋಪಾ ಮಾತ್ರ ಬಾಣಂತಿಗೆ ಬದಲಾಯಿಸುತ್ತಾರೆ, ಮನಸ್ಸು ಕುಗ್ಗಿಸುವ ಗುಣ ಅದಕ್ಕಿದೆ. ಬಿಪಿ ಇಳಿದಂತೆ ಡೋಸ್ ಹಂತಹಂತವಾಗಿ ಕಮ್ಮಿಯಾಗುತ್ತದೆ. ಆರನೇ ವಾರಕ್ಕೆ ಬಿಪಿ ಜೊತೆ ಮೂತ್ರವನ್ನೂ ನೋಡಿಸಬೇಕು. ಮೂರು ತಿಂಗಳಾದರೂ ಏರಿಯೇ ಇದ್ದರೆ ಅದು ಹಳೆಯ ಬಿಪಿ, ಫಿಜಿಷಿಯನ್ ಹತ್ತಿರ ಹೋಗಬೇಕು. ಮಕ್ಕಳ ಅಂತರಕ್ಕೆ ಕಾಪರ್-ಟಿ ಹಾಕಿಸಿಕೊಳ್ಳಬಹುದು. ಈಸ್ಟ್ರೋಜನ್ ಇರುವ ಗುಳಿಗೆ ಬಿಪಿ ಇರುವವರೆಗೆ ಬೇಡ.

ಡಿಸ್ಚಾರ್ಜ್ ಶೀಟನ್ನು ಲ್ಯಾಮಿನೇಟ್ ಮಾಡಿಸದೆ ಜೆರಾಕ್ಸ್ ಮಾಡಿಸಿ, ಫೋಟೊ ತೆಗೆದಿಡಿ. ಮುಂದಿನ ಬಸುರಿನ ಮೊದಲ ಭೇಟಿಯಲ್ಲಿ ಕೇಳುವುದು ಅದರಲ್ಲಿರುವುದನ್ನೇ: ಎಷ್ಟನೇ ವಾರಕ್ಕೆ ಏರಿತು, ಎಷ್ಟರವರೆಗೆ ಹೋಯಿತು, ಮ್ಯಾಗ್ನೀಸಿಯಂ ಕೊಟ್ಟಿದ್ದರೇ, ಹೆರಿಗೆ ಎಷ್ಟು ವಾರಕ್ಕೆ, ಮಗುವಿನ ತೂಕ ಎಷ್ಟು. ಆ ಭೇಟಿ 12 ವಾರದೊಳಗೆ ಆದರೆ ಆಸ್ಪಿರಿನ್ ಹೊತ್ತಿಗೆ ಸರಿಯಾಗಿ ಶುರುವಾಗುತ್ತದೆ. ಇನ್ನೊಂದು ಮಗು ಬೇಡ ಎನ್ನುವವರೂ ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ ನೋಡಿಸುತ್ತಿರಬೇಕು, ಏಕೆಂದರೆ ಪ್ರಿಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಬಿಪಿ, ಹೃದಯದ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಹೆಚ್ಚು. ಮನೆ ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ನಲ್ಲೇ ನೋಡಿಸಬಹುದು.